ಬಂದವರ ನೆಲ, ಇದ್ದವರ ನೆಲ

1479ರಲ್ಲಿ ಭಟ್ಕಳದ ಜನ ಗೋವೆಗೆ ಓಡಿಹೋದರು. ವಿಜಯನಗರಕ್ಕೆ ಸಲ್ಲಬೇಕಾದ ಕುದುರೆಗಳನ್ನು ಬಹಮನಿ ಸುಲ್ತಾನರಿಗೆ ಮಾರಿದರೆಂಬ ಸಿಟ್ಟಿನಲ್ಲಿ ಇಲ್ಲಿನ ಮುಸ್ಲಿಂ ವರ್ತಕರ ಮೇಲೆ ನಡೆದ ಕೊಲೆಗಳನ್ನು ಪೋರ್ಚುಗೀಸ್ ಇತಿಹಾಸಕಾರ ಜೊವಾವ್ ದ ಬರೋಸ್ ಬರೆದಿಟ್ಟಿದ್ದಾನೆ. ಬದುಕಿ ಉಳಿದವರು ಮಾಂಡೋವಿಯ ದಂಡೆಯಲ್ಲಿ ಹೊಸ ಪೇಟೆ ಕಟ್ಟಿಕೊಂಡರು. ಮೂವತ್ತೊಂದು ವರ್ಷ ಕಳೆಯಿತು. 1510ರಲ್ಲಿ ಹೊನ್ನಾವರದ ನಾವಿಕ ದಳಪತಿ ತಿಮ್ಮೋಜನ ಪ್ರೇರಣೆ, ನೆರವುಗಳಿಂದ ಪೋರ್ಚುಗೀಸ್ ಸೇನಾಪತಿ ಅಲ್ಬುಕರ್ಕ್ ಗೋವೆಯನ್ನು ಹಿಡಿದ. ಅಲ್ಲಿಂದ ಓಟದ ದಿಕ್ಕು ತಿರುಗಿತು. ಮುಂದಿನ ಎರಡು ಶತಮಾನ ಗೋವೆಯ ಜನ ದಕ್ಷಿಣಕ್ಕೆ, ಕಾರವಾರ ದಾಟಿ ಕುಮಟಾ, ಹೊನ್ನಾವರ, ಭಟ್ಕಳಗಳತ್ತ ಬರುತ್ತಲೇ ಇದ್ದರು.

ನಿರಾಶ್ರಿತರು ಎಂದೊಡನೆ ಇವತ್ತು ದೆಹಲಿಯ ಕಾಯ್ದೆ, ಗಡಿಯ ಬೇಲಿ, ಪೌರತ್ವದ ಕಾಗದಗಳ ಮಾತು ಬರುತ್ತದೆ. ಹೊರಗಿನವರಿಗೆ ನೆಲ ಕೊಟ್ಟರೆ ಒಳಗಿನ ಬಡವನ ಪಾಡೇನು ಎಂಬ ಪ್ರಶ್ನೆ ಅದರ ಬೆನ್ನಿಗೇ ಬರುತ್ತದೆ. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ ಹುಡುಕುವವರು ಉತ್ತರ ಕನ್ನಡದ ಈ ಮೂರು ತಾಲ್ಲೂಕುಗಳ ಚರಿತ್ರೆಯನ್ನೊಮ್ಮೆ ನೋಡಬೇಕು. ಬಂದವರಿಗೆ ನೆಲ ಕೊಟ್ಟ ಅನುಭವವೂ ಇದ್ದವರ ನೆಲ ಹೋದ ಅನುಭವವೂ ಈ ಜಿಲ್ಲೆಯಲ್ಲಿವೆ.

ಬಂದವರ ಕತೆ ಮೊದಲು. ಅರಬ್ ಮತ್ತು ಪರ್ಷಿಯನ್ ವರ್ತಕರ ಪೀಳಿಗೆಯ ನವಾಯತರು ಭಟ್ಕಳ, ಹೊನ್ನಾವರಗಳಲ್ಲಿ ನೆಲೆಯಾಗಿ ಎಷ್ಟೋ ಶತಮಾನಗಳಾಗಿವೆ. ಇರಾಕಿನ ಅಧಿಕಾರಿ ಹಜ್ಜಾಜ್ ಬಿನ್ ಯೂಸುಫನ ದಬ್ಬಾಳಿಕೆಗೆ ಹೆದರಿ ಪೂರ್ವಿಕರು ಸಮುದ್ರ ದಾಟಿ ಬಂದರೆಂದು ಅವರಲ್ಲಿ ಒಂದು ಪರಂಪರೆಯ ಮಾತಿದೆ. 14ನೇ ಶತಮಾನದ ನಡುವೆ ಹೊನ್ನಾವರಕ್ಕೆ ಬಂದ ಇಬ್ನ್ ಬತೂತ ಇಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಶಾಲೆಗಳಿದ್ದವೆಂದು ಬರೆದ. ಅಷ್ಟು ಶಾಲೆಗಳಿದ್ದ ಜನ ಆ ಹೊತ್ತಿಗೆ ಊರಿನವರೇ ಆಗಿಹೋಗಿದ್ದರು.

ಗೋವೆಯಿಂದ ಬಂದವರದು ಬೇರೆ ಬಗೆಯ ವಲಸೆ. ಪೋರ್ಚುಗೀಸರ ಆಳ್ವಿಕೆಯಲ್ಲಿ ದೇವಸ್ಥಾನಗಳು ಉರುಳಿದವು, 1560ರಲ್ಲಿ ಇನ್‌ಕ್ವಿಸಿಷನ್ ನ್ಯಾಯಮಂಡಳಿ ಕೂತಿತು. ಸಾರಸ್ವತ ಮನೆತನಗಳು ದೋಣಿಗಳಲ್ಲಿ, ಕಾಲುದಾರಿಗಳಲ್ಲಿ ದಕ್ಷಿಣಕ್ಕೆ ಸರಿದವು. ಅವರ ಜೊತೆ ಕುಶಲಕರ್ಮಿಗಳೂ ಬಂದರು, ರೈತರೂ ಬಂದರು. ಬರಗಾಲ, ತೆರಿಗೆ, 1683ರ ಮರಾಠ ದಂಡಯಾತ್ರೆಗಳ ಹೊಡೆತಕ್ಕೆ ಕೊಂಕಣಿ ಕ್ರೈಸ್ತರೂ ಅದೇ ದಾರಿ ಹಿಡಿದರು. ಕುಮಟಾ, ಹೊನ್ನಾವರ, ಭಟ್ಕಳಗಳ ಸಾರಸ್ವತ ಮನೆಗಳ ಕುಲದೇವರು ಇವತ್ತಿಗೂ ಗೋವೆಯಲ್ಲೇ ಇದ್ದಾರೆ: ಮಂಗೇಶಿ, ಶಾಂತಾದುರ್ಗಾ, ಮಾಳಸಾ, ನಾಗೇಶಿ. ಮದುವೆ, ಮುಂಜಿ ಆದವರು ಈಗಲೂ ಅಲ್ಲಿಗೆ ಹೋಗಿ ಕಾಣಿಕೆ ಹಾಕಿ ಬರುತ್ತಾರೆ.

ಇವರನ್ನೆಲ್ಲ ಇಲ್ಲಿನ ದೊರೆಗಳು ಯಾಕೆ ಬರಗೊಟ್ಟರು? ಕರುಣೆಯೂ ಇದ್ದೀತು, ಆದರೆ ಲೆಕ್ಕಾಚಾರ ಖಂಡಿತ ಇತ್ತು. 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಕೆಳದಿ ಅರಸರ ಇಕ್ಕೇರಿಗೆ ಹೊರಟ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಹೊನ್ನಾವರದಿಂದ ಶರಾವತಿಯಲ್ಲಿ ದೋಣಿಯಲ್ಲಿ ಗೇರುಸೊಪ್ಪೆಗೆ ಬಂದಾಗ, ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿ ಆಳಿದ ಆ ಪಟ್ಟಣ ಪಾಳುಬಿದ್ದು ಮರ ಬೆಳೆದಿತ್ತು. ನೆಲ ಬೇಕಾದಷ್ಟಿತ್ತು, ಉಳುವ ಕೈಗಳಿರಲಿಲ್ಲ. ಕೆಳದಿಯ ಬೊಕ್ಕಸಕ್ಕೆ ಕರಾವಳಿಯ ಅಕ್ಕಿ, ಮೆಣಸು, ಬಂದರಿನ ಸುಂಕ ಬೇಕಿತ್ತು. ಬಂದ ರೈತನಿಗೆ ಕಾಡು ಕಡಿದು ಗದ್ದೆ ಮಾಡಿಕೊಳ್ಳಲು ಜಾಗ ಸಿಕ್ಕಿತು. ಓದುಬರಹ ಬಲ್ಲವನಿಗೆ ಶಾನುಭೋಗಿಕೆ ಸಿಕ್ಕಿತು, ವರ್ತಕನಿಗೆ ಪೇಟೆ ಸಿಕ್ಕಿತು. ಕೆಳದಿಯ ಅರಸ ಶಿವಪ್ಪ ನಾಯಕ ತನ್ನ ಹೆಸರಿನಲ್ಲೇ ಪ್ರಸಿದ್ಧವಾದ ಶಿಸ್ತನ್ನು ಜಾರಿಗೆ ತಂದು ನೆಲವನ್ನು ದರ್ಜೆಗಟ್ಟಿ ಕಂದಾಯ ಗೊತ್ತುಮಾಡಿದ ಮೇಲೆ ಯಾರ ಗದ್ದೆ, ಎಷ್ಟು ತೆರಿಗೆ ಎಂಬುದಕ್ಕೆ ಬರಹದ ಆಧಾರವೂ ಸಿಕ್ಕಿತು.

ಹಾಗೆಂದು ಎಲ್ಲವೂ ಸಲೀಸಾಗಿ ನಡೆಯಲಿಲ್ಲ. ಅಧಿಕಾರದ ಹುದ್ದೆಗಳಲ್ಲಿ ಕೂತ ಹೊಸಬರನ್ನು ಕೆಳದಿ ಅರಸರ ನಗರದ ಆಸ್ಥಾನದಲ್ಲಿ ಒಂದು ದಿನ ಕೇಳಿದರಂತೆ: ನಿಮ್ಮ ಗುರು ಯಾರು, ಮಠ ಎಲ್ಲಿದೆ? ಹಾಗೊಂದು ಐತಿಹ್ಯ ಚಿತ್ರಾಪುರ ಸಾರಸ್ವತರಲ್ಲಿದೆ. ಉತ್ತರವಿಲ್ಲದ ಸಮುದಾಯ ಗೋಕರ್ಣದಲ್ಲಿ ಪ್ರಾರ್ಥಿಸಿ 1708ರಲ್ಲಿ ಪರಿಜ್ಞಾನಾಶ್ರಮ ಸ್ವಾಮಿಗಳನ್ನು ಗುರುಗಳನ್ನಾಗಿ ಪಡೆಯಿತು. ಮುಂದೆ ಭಟ್ಕಳ ತಾಲ್ಲೂಕಿನ ಶಿರಾಲಿಯಲ್ಲಿ ಮಠ ನೆಲೆಗೊಂಡಿತು. ನೀನು ಯಾರೆಂಬುದಕ್ಕೆ ಸಾಕ್ಷಿ ತೋರಿಸು ಎಂಬ ಆಳುವವರ ಒತ್ತಾಯ ಮುನ್ನೂರು ವರ್ಷಗಳ ಹಿಂದೆಯೂ ಇತ್ತು.

ಬಂದವರ ಹಕ್ಕು, ಇದ್ದವರ ಹಕ್ಕುಗಳ ತಿಕ್ಕಾಟ ನಿಜವಾಗಿ ಬಿಗಿಯಾದದ್ದು 1799ರ ನಂತರ. 1784ರಲ್ಲಿ ಟಿಪ್ಪು ಸುಲ್ತಾನ ಕರಾವಳಿಯ ಕ್ರೈಸ್ತರನ್ನು, ಅವರು ಬ್ರಿಟಿಷರಿಗೆ ನೆರವಾದರೆಂಬ ಕಾರಣಕ್ಕೆ, ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದಿದ್ದ. ಹದಿನೈದು ವರ್ಷದ ಸೆರೆ ಮುಗಿಸಿ ಉಳಿದವರು ಮರಳಿದಾಗ ಅವರ ಗದ್ದೆ, ತೋಟಗಳು ಬೇರೆಯವರ ಕೈಯಲ್ಲಿದ್ದವು. ಉಳುತ್ತಿದ್ದವರು ಕದ್ದವರಾಗಿರಲಿಲ್ಲ, ಆಗಿನ ಸರ್ಕಾರ ಕೊಟ್ಟದ್ದನ್ನು ಉತ್ತಿದ್ದರು. ಮರಳಿದವರ ಕೋರಿಕೆಯೂ ಸುಳ್ಳಾಗಿರಲಿಲ್ಲ. ಕೆನರಾಕ್ಕೆ ಹೊಸದಾಗಿ ಬಂದ ಕಂಪನಿಯ ಕಲೆಕ್ಟರುಗಳ ಮುಂದೆ ಈ ತಕರಾರುಗಳು ಬಂದವು. ಕೆಲವರಿಗೆ ನೆಲ ಮರಳಿತು, ಹಲವರು ಹೊಸದಾಗಿ ಗೇಣಿಗೆ ಹಿಡಿದು ಶುರುಮಾಡಿದರು. ಇಬ್ಬರ ಹಕ್ಕಿನ ಪ್ರಶ್ನೆಯನ್ನೂ ಹುಟ್ಟುಹಾಕಿದ್ದು ಆಳುವವರ ಆಜ್ಞೆ. ಪೆಟ್ಟು ಬಿದ್ದದ್ದು ಮಾತ್ರ ಅಕ್ಕಪಕ್ಕದ ಎರಡು ಮನೆಗಳಿಗೆ. ಇದೇ ಕತೆ ಮುಂದಿನ ಶತಮಾನಗಳಲ್ಲೂ ಈ ಜಿಲ್ಲೆಯಲ್ಲಿ ಬೇರೆ ಬೇರೆ ಹೆಸರಿನಲ್ಲಿ ನಡೆದಿದೆ.

19ನೇ ಶತಮಾನ ಇಲ್ಲಿನ ನೆಲದ ಲೆಕ್ಕವನ್ನೇ ತಲೆಕೆಳಗು ಮಾಡಿತು. ತೇಗಕ್ಕೆ ಬೆಲೆ ಬಂದಂತೆ ಕಾಡು ಸರ್ಕಾರದ ಸೊತ್ತಾಯಿತು. ಘಟ್ಟದ ಇಳಿಜಾರಿನಲ್ಲಿ ಕಾಡು ಸವರಿ, ಸುಟ್ಟು, ರಾಗಿ ಬಿತ್ತುತ್ತಿದ್ದ ಕುಮರಿ ಬೇಸಾಯಕ್ಕೆ ಶತಮಾನದ ನಡುಭಾಗದಲ್ಲಿ ನಿರ್ಬಂಧ ಬಿತ್ತು. ಕೆನರಾ ಒಡೆದು, 1862ರಲ್ಲಿ ಉತ್ತರದ ಭಾಗ ಮುಂಬೈ ಪ್ರಾಂತ್ಯಕ್ಕೆ ಸೇರಿತು. 1878ರ ಅರಣ್ಯ ಕಾಯ್ದೆ ಗೆರೆಗಳನ್ನು ಬಿಗಿಮಾಡಿತು. ಅಡಿಕೆ ತೋಟ ಇದ್ದವರಿಗೆ ಸೊಪ್ಪಿನ ಬೆಟ್ಟದ ಸವಲತ್ತು ಉಳಿಯಿತು. ತೋಟವಿಲ್ಲದ ಹಾಲಕ್ಕಿ ಒಕ್ಕಲಿಗ, ಕುಮರಿ ಮರಾಠಿ, ಗೊಂಡ ಕುಟುಂಬಗಳಿಗೆ ಉಳಿದದ್ದು ಒಡೆಯರು ಬೇಕೆಂದಾಗ ಬಿಡಿಸಬಹುದಾದ ಚಾಲಗೇಣಿ ಮತ್ತು ಕೂಲಿ. ಗೋವೆಯ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಯಲ್ಲಾಪುರ, ಹಳಿಯಾಳದ ಕಾಡುಗಳಲ್ಲಿ ಅಡಗಿ ಬದುಕಿದ ಸಿದ್ದಿಗಳಿಗಂತೂ ಯಾವ ದೊರೆಯ ಸನ್ನದೂ ಇರಲಿಲ್ಲ. ಅವರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ.

ಹೀಗೆ ಜಿಲ್ಲೆಯ ಮುಕ್ಕಾಲಿಗೂ ಹೆಚ್ಚು ನೆಲ ಅರಣ್ಯವೆಂದು ದಾಖಲಾಯಿತು. ಸಮುದ್ರಕ್ಕೂ ಘಟ್ಟಕ್ಕೂ ನಡುವಿನ ಕಿರಿದಾದ ಪಟ್ಟಿಯಲ್ಲಿ ಕುಮಟಾ, ಹೊನ್ನಾವರ, ಭಟ್ಕಳಗಳ ಜನ ಗದ್ದೆ, ಉಪ್ಪುನೀರಿನ ಗಜನಿ, ತೆಂಗಿನ ಹಿತ್ತಲುಗಳಲ್ಲಿ ಬದುಕಬೇಕಾಯಿತು. ಕೆಳದಿಯ ಕಾಲದಲ್ಲಿ ನೆಲ ಹೆಚ್ಚು, ಜನ ಕಡಿಮೆ. ಸ್ವಾತಂತ್ರ್ಯ ಬರುವ ಹೊತ್ತಿಗೆ ಜನ ಹೆಚ್ಚು, ನೆಲ ಕಡಿಮೆ. ಅಂಕೋಲೆಯ ದಿನಕರ ದೇಸಾಯಿಯವರು ಗೇಣಿದಾರರನ್ನು ಸಂಘಟಿಸಿ ಬ್ರಿಟಿಷ್ ಸರ್ಕಾರದಿಂದ ಜಿಲ್ಲೆಯ ಹೊರಗೆ ಗಡಿಪಾರಾದದ್ದು ಈ ನೆಲದ ಹಸಿವಿನ ಕಾರಣಕ್ಕೇ.

ಇಂಥ ಜಿಲ್ಲೆಗೆ ಟಿಬೆಟ್ಟಿನಿಂದ ಜನ ಬಂದರು.

1959ರ ಮಾರ್ಚಿನಲ್ಲಿ ದಲಾಯಿ ಲಾಮಾ ಲಾಸಾ ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆ ಸುಮಾರು 80 ಸಾವಿರ ಜನ ಹಿಮಾಲಯ ದಾಟಿದರು. ಅಸ್ಸಾಮಿನ ಮಿಸಾಮಾರಿ, ಬಂಗಾಳದ ಬಕ್ಸಾ ಶಿಬಿರಗಳು ತುಂಬಿದವು. ಸಾವಿರಾರು ಮಂದಿ ಹಿಮಾಚಲದ ರಸ್ತೆ ಕೆಲಸದಲ್ಲಿ ಕಲ್ಲು ಒಡೆದರು. ಭಾರತ 1951ರ ನಿರಾಶ್ರಿತರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಹಾಕಿರಲಿಲ್ಲ, ಇವತ್ತಿಗೂ ಹಾಕಿಲ್ಲ. ನಿರಾಶ್ರಿತರಿಗೆಂದೇ ಒಂದು ಕಾಯ್ದೆಯೂ ಇಲ್ಲ. ಹಾಗಾಗಿ ಪ್ರಧಾನಿ ನೆಹರೂ ರಾಜ್ಯಗಳನ್ನು ಕೇಳಬೇಕಾಯಿತು. ಮೈಸೂರು ರಾಜ್ಯ ಮುಂದೆ ಬಂದಿತು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಮೂರು ಸಾವಿರ ಜನಕ್ಕೆ ಮೂರು ಸಾವಿರ ಎಕರೆ ಕೊಟ್ಟಿತು. ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ, 1966ರಲ್ಲಿ, ನಮ್ಮದೇ ಜಿಲ್ಲೆಯ ಮುಂಡಗೋಡದಲ್ಲಿ ಸುಮಾರು ನಾಲ್ಕು ಸಾವಿರ ಎಕರೆ ಕಾಡಿನಲ್ಲಿ ಎರಡನೆಯ ದೊಡ್ಡ ನೆಲೆ ಎದ್ದಿತು.

ಆ ವಸಾಹತು ಎದ್ದ ಬಗೆಯನ್ನು ಗಮನಿಸಬೇಕು. ಮೊದಲು ಸರ್ಕಾರದ ಆದೇಶ ಬಂತು, ಆಮೇಲೆ ಜನ ಬಂದರು. ಕಾಡು ಕಡಿಯುವ ಕೂಲಿ, ಮನೆ, ಬಾವಿ, ಉಳುವ ಟ್ರ್ಯಾಕ್ಟರು, ಶಾಲೆ, ಆಸ್ಪತ್ರೆ, ಸಹಕಾರಿ ಸಂಘ ಎಲ್ಲವನ್ನೂ ಒಂದೇ ಯೋಜನೆಯಡಿ ಹೊಂದಿಸಲಾಯಿತು. ಕೇಂದ್ರದ ಹಣ, ರಾಜ್ಯದ ನೆಲ, ಹೊರದೇಶಗಳ ನೆರವು ಸೇರಿದವು. ಈ ಕೆಲಸಕ್ಕೆಂದೇ 1968ರಲ್ಲಿ ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ, ಜನ ಈಗ ಮೈರಾಡ ಎನ್ನುವ ಸಂಸ್ಥೆ, ಹುಟ್ಟಿತು. ಹಿಮದ ನಾಡಿನವರಿಗೆ ಇಲ್ಲಿನ ಸೆಕೆ, ಜ್ವರ, ಕಾಡುಪ್ರಾಣಿಗಳ ಹಾವಳಿ ಪ್ರಾಣಾಂತಿಕವಾಗಿದ್ದವು. ಮೊದಲ ವರ್ಷಗಳಲ್ಲಿ ಅವರು ಬಹಳ ಕಷ್ಟಪಟ್ಟರು. ಆದರೂ ಭತ್ತ, ಮುಸುಕಿನ ಜೋಳ ಬೆಳೆದರು. ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರಿದರು. ಗಾಂದೆನ್, ದ್ರೆಪುಂಗ್ ಮಹಾವಿಹಾರಗಳು ಮುಂಡಗೋಡದಲ್ಲಿ ಮರುಹುಟ್ಟು ಪಡೆದವು.

ಮೈರಾಡ ಮುಂದೆ ಮಾಡಿದ್ದು ಈ ಚರ್ಚೆಯಲ್ಲಿ ತುಂಬ ಮುಖ್ಯವಾದ ಸಂಗತಿ. ಟಿಬೆಟಿಯನ್ನರು ಕಾಲೂರಿದ ಮೇಲೆ ಆ ಸಂಸ್ಥೆ ಸುತ್ತಲಿನ ಬಡ ರೈತರ ಕಡೆ ತಿರುಗಿತು. 1980ರ ದಶಕದಲ್ಲಿ ಹಳ್ಳಿಗಳಲ್ಲಿ ಉಳಿತಾಯದ ಸಣ್ಣ ಗುಂಪುಗಳನ್ನು ಕಟ್ಟಿತು. 1987ರಲ್ಲಿ ನಬಾರ್ಡ್ ಅದಕ್ಕೆ 10 ಲಕ್ಷ ರೂಪಾಯಿ ಕೊಟ್ಟು ಪ್ರಯೋಗ ಬೆಳೆಸಿತು. 1992ರಲ್ಲಿ ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ದೇಶವ್ಯಾಪಿ ಕಾರ್ಯಕ್ರಮ ಶುರುವಾದದ್ದು ಇಂಥ ಪ್ರಯೋಗಗಳ ಮೇಲೆ. ನಿರಾಶ್ರಿತರಿಗಾಗಿ ಕಲಿತ ವಿದ್ಯೆ ಊರಿನ ಹೆಂಗಸರ ಸಂಘಗಳಿಗೆ ಬಂಡವಾಳವಾಯಿತು. ಬಂದವರಿಗೆ ಕೊಟ್ಟದ್ದು ಇದ್ದವರಿಂದ ಕಿತ್ತದ್ದೇ ಆಗಬೇಕಿಲ್ಲ ಎನ್ನಲು ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಡ.

ಆದರೆ ಮುಂಡಗೋಡದ ವಸಾಹತು ಎದ್ದ ದಶಕದಲ್ಲೇ ಇದೇ ಸರ್ಕಾರ ತನ್ನವರಿಗೆ ಏನು ಮಾಡಿತು ಎಂದು ನೋಡಿದರೆ ಮನಸ್ಸು ಭಾರವಾಗುತ್ತದೆ. ಮುಂಡಗೋಡದ ವಸಾಹತಿಗೆ ಎರಡು ವರ್ಷ ಮೊದಲು, 1964ರಲ್ಲಿ, ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಹೊನ್ನಾವರದಲ್ಲಿ ಕಡಲು ಸೇರುವ ಶರಾವತಿ ಮೇಲ್ಗಡೆ ಸಾಗರ, ಹೊಸನಗರ ಸೀಮೆಯ ಹಳ್ಳಿಗಳನ್ನು ನುಂಗಿತು. ಮುಳುಗಡೆಯವರನ್ನು ಲಾರಿಗಳಲ್ಲಿ ಕಾಡಿನ ನಡುವೆ ಇಳಿಸಿ ಇಲ್ಲೇ ಬದುಕಿಕೊಳ್ಳಿ ಎನ್ನಲಾಯಿತು. ಅವರು ಉತ್ತ ನೆಲ ಕಾಗದದಲ್ಲಿ ಕಾಡಾಗಿಯೇ ಉಳಿಯಿತು. ದಶಕಗಳ ನಂತರ ರಾಜ್ಯ ಸರ್ಕಾರ ಅದನ್ನು ಡಿನೋಟಿಫೈ ಮಾಡಿದಾಗ, ಕೇಂದ್ರದ ಒಪ್ಪಿಗೆ ಪಡೆದಿಲ್ಲವೆಂದು ಆ ಆದೇಶಗಳು ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಹಿನ್ನೀರಿನ ಆಚೆ ಉಳಿದ ತುಮರಿ, ಸಿಗಂದೂರು ಕಡೆಯವರಿಗೆ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ಅಲ್ಲಿಯವರೆಗೆ ಬಾಣಂತಿಗೂ ರೋಗಿಗೂ ಲಾಂಚೇ ಗತಿಯಾಗಿತ್ತು.

ಪಟ್ಟಿ ಅಲ್ಲಿಗೆ ನಿಲ್ಲಲಿಲ್ಲ. ಕಾಳಿ ನದಿಗೆ ಸೂಪಾ, ಕದ್ರಾ ಅಣೆಕಟ್ಟುಗಳು, ಕೈಗಾ ಅಣುಸ್ಥಾವರ, 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ ಕಾರವಾರದ ಸೀಬರ್ಡ್ ನೌಕಾನೆಲೆ, ಮೂರೂ ತಾಲ್ಲೂಕುಗಳನ್ನು ಉದ್ದಕ್ಕೆ ಸೀಳಿದ ಕೊಂಕಣ ರೈಲು ಮತ್ತು ಚತುಷ್ಪಥ ಹೆದ್ದಾರಿ, ಗೇರುಸೊಪ್ಪೆಯ ಶರಾವತಿ ಟೇಲ್‌ರೇಸ್. ಒಂದೊಂದಕ್ಕೂ ದೇಶದ ಅಗತ್ಯದ ಕಾರಣವಿತ್ತು. ಸೀಬರ್ಡ್ ನಿರಾಶ್ರಿತರು ನ್ಯಾಯವಾದ ಪರಿಹಾರಕ್ಕಾಗಿ ದಶಕಗಟ್ಟಲೆ ಕೋರ್ಟು ಹತ್ತಿಳಿದರು. ಹೊನ್ನಾವರದ ಕಾಸರಕೋಡ ಟೊಂಕದಲ್ಲಿ ಖಾಸಗಿ ಬಂದರಿನ ವಿರುದ್ಧ ಮೀನುಗಾರರು ಬೀದಿಗಿಳಿದರು. ಈ ಜಿಲ್ಲೆಯವರು ತಮ್ಮ ಮನೆಯಂಗಳದಿಂದಲೇ ನಿರಾಶ್ರಿತರಾದವರು.

ರಾಜ್ಯದ ಬೇರೆ ಕಡೆಯ ನೆಲೆಗಳನ್ನೂ ಹೋಲಿಸಿ ನೋಡಬಹುದು. ರಾಯಚೂರು ಜಿಲ್ಲೆಯ ಸಿಂಧನೂರಿನಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿಗಳ ಕ್ಯಾಂಪುಗಳಿವೆ. 1964ರ ಶಾಸ್ತ್ರಿ-ಸಿರಿಮಾವೊ ಒಪ್ಪಂದದಂತೆ ಶ್ರೀಲಂಕೆಯ ಚಹಾ ತೋಟಗಳಿಂದ ಮರಳಿದ ತಮಿಳು ಕುಟುಂಬಗಳನ್ನು ಸುಳ್ಯ, ಪುತ್ತೂರುಗಳ ಸರ್ಕಾರಿ ರಬ್ಬರ್ ತೋಟಗಳಲ್ಲಿ ಕೆಲಸಕ್ಕೆ ಇಟ್ಟರು. ಬಂಗಾಳಿಗಳಿಗೆ ಕ್ಯಾಂಪು, ತಮಿಳರಿಗೆ ತೋಟದ ಕೂಲಿ, ಟಿಬೆಟಿಯನ್ನರಿಗೆ ಇಡೀ ವಸಾಹತು. ಒಂದೇ ರಾಜ್ಯದಲ್ಲಿ ಮೂರು ಬಗೆ. ಕಾಯ್ದೆಯಿಲ್ಲದ ಕಡೆ ಆಯಾ ಹೊತ್ತಿನ ರಾಜಕೀಯ, ಆಯಾ ಅಧಿಕಾರಿಯ ಆಸ್ಥೆಗಳೇ ನೀತಿಯಾಗುತ್ತವೆ.

1974ರಲ್ಲಿ ದೇವರಾಜ ಅರಸರ ಭೂಸುಧಾರಣೆ ಕರಾವಳಿಗೆ ದೊಡ್ಡ ನ್ಯಾಯ ತಂದಿತು ಎಂಬುದನ್ನು ಮರೆಯಬಾರದು. ಗೇಣಿದಾರರು ಫಾರಂ ನಂಬರ್ 7 ತುಂಬಿ, ಡಿಕ್ಲರೇಷನ್ ಕೊಟ್ಟು, ಭೂ ನ್ಯಾಯಮಂಡಳಿಯ ಮುಂದೆ ನಿಂತು ಒಡೆಯರಾದರು. ಆದರೆ ಆ ಕಾಯ್ದೆ ಮುಟ್ಟಿದ್ದು ಒಡೆಯನಿದ್ದ ಗದ್ದೆಯನ್ನು. ಕಾಡಂಚಿನಲ್ಲಿ ಗುಡಿಸಲು ಹಾಕಿ, ಅರ್ಧ ಎಕರೆ ಗದ್ದೆ, ನಾಲ್ಕು ತೆಂಗು, ಹತ್ತು ಅಡಿಕೆ ಮರ ಮಾಡಿಕೊಂಡವನಿಗೆ ಒಡೆಯ ಸರ್ಕಾರವೇ. ಅವನು ಗೇಣಿದಾರನಲ್ಲ, ಅತಿಕ್ರಮಣದಾರ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ದೆಹಲಿಯ ಒಪ್ಪಿಗೆ ಇಲ್ಲದೆ ರಾಜ್ಯ ಸರ್ಕಾರ ಒಂದು ಗುಂಟೆ ಕಾಡನ್ನೂ ಕೊಡುವಂತಿಲ್ಲ. ಮುಂಡಗೋಡದಲ್ಲಿ 1966ರಲ್ಲಿ ರಾಜ್ಯದ ಒಂದು ತೀರ್ಮಾನಕ್ಕೆ ಸಾಧ್ಯವಾದದ್ದು ಭಟ್ಕಳದ ರೈತನಿಗೆ ಅಸಾಧ್ಯವಾಯಿತು. ಆ ಕಾಯ್ದೆ ಉಳಿಸಿದ ಕಾಡು ನಮ್ಮ ಹೊಳೆಗಳ ನೀರು. ಅದು ಬೇಡವೆಂದು ಯಾರೂ ಹೇಳಲಾರರು. ಅದಕ್ಕೆ ಮೊದಲೇ ಕಾಡಂಚಿನಲ್ಲಿ ಒಲೆ ಹೂಡಿದವನನ್ನು ಲೆಕ್ಕಕ್ಕೆ ಹಿಡಿಯಬೇಕಿತ್ತು.

ಲೆಕ್ಕಕ್ಕೆ ಹಿಡಿಯಲೆಂದೇ 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂದಿತು. ಬುಡಕಟ್ಟಿನವರು 2005ರ ಡಿಸೆಂಬರ್ 13ಕ್ಕೆ ಮೊದಲು ವಾಸವಿದ್ದರೆ ಸಾಕು. ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿಲ್ಲದ ಇತರ ಪಾರಂಪರಿಕ ಅರಣ್ಯವಾಸಿಗಳು ಮಾತ್ರ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದುದನ್ನು ತೋರಿಸಬೇಕು. ಲೆಕ್ಕ ಹಾಕಿದರೆ ಅದು 1930ಕ್ಕೆ ಹೋಗಿ ನಿಲ್ಲುತ್ತದೆ. ಆಗ ಬಡವನ ಹೆಸರಿನಲ್ಲಿ ಕಾಡಿನ ಕಾಗದ ಬರೆದುಕೊಡುವ ಕಚೇರಿಯೇ ಇರಲಿಲ್ಲ. ಪಟ್ಟಿಗೆ ಸೇರಿಸಿ ಎಂದು ಇಂದಿಗೂ ಕೇಳುತ್ತಿರುವ ಹಾಲಕ್ಕಿಗಳಿಗೂ, ನಾಮಧಾರಿ, ಅಂಬಿಗ, ಮುಸ್ಲಿಂ, ಕ್ರೈಸ್ತ ರೈತ ಕುಟುಂಬಗಳಿಗೂ ಈ ಷರತ್ತೇ ಅಡ್ಡಗೋಡೆ. ಜಿಲ್ಲೆಯಲ್ಲಿ 80 ಸಾವಿರಕ್ಕೂ ಹೆಚ್ಚು ಅರ್ಜಿಗಳು ಬಂದವು, ಬಹುಪಾಲು ತಿರಸ್ಕೃತವಾದವು. 2019ರ ಫೆಬ್ರುವರಿ 13ರಂದು ಸುಪ್ರೀಂ ಕೋರ್ಟು ತಿರಸ್ಕೃತರನ್ನು ಎಬ್ಬಿಸಬೇಕೆಂದಾಗ ಕುಮಟಾ, ಹೊನ್ನಾವರ, ಭಟ್ಕಳದ ಸಾವಿರಾರು ಮನೆಗಳ ತಲೆಯ ಮೇಲೆ ಕತ್ತಿ ತೂಗಿತು. ಅದೇ ತಿಂಗಳ 28ರಂದು ಆ ಆದೇಶಕ್ಕೆ ತಡೆ ಬಂದದ್ದರಿಂದ ಉಸಿರು ಉಳಿಯಿತು.

ಟಿಬೆಟಿಯನ್ನರೂ ನೆಲದ ಒಡೆಯರಲ್ಲ ಎಂಬುದು ಗೊತ್ತಿರಬೇಕು. ಅವರದು ಗುತ್ತಿಗೆ. ಕಾನೂನಿನ ಕಣ್ಣಿಗೆ ಅವರಲ್ಲಿ ಹೆಚ್ಚಿನವರು ಇಂದಿಗೂ ವಿದೇಶಿಯರು. ನೋಂದಣಿ ಪತ್ರ ಆಗಾಗ ನವೀಕರಿಸಿಕೊಳ್ಳಬೇಕು. 2014ರಲ್ಲಿ ಕೇಂದ್ರ ಸರ್ಕಾರ ಟಿಬೆಟಿಯನ್ ಪುನರ್ವಸತಿ ನೀತಿ ತಂದು, ನೆಲೆಗಳಿಗೆ 20 ವರ್ಷಗಳ ಗುತ್ತಿಗೆ ಪತ್ರ ಮಾಡಿಕೊಡಿ, ಪಡಿತರ ಮತ್ತು ಉದ್ಯೋಗ ಖಾತರಿಯನ್ನೂ ಕೊಡಿ ಎಂದು ರಾಜ್ಯಗಳಿಗೆ ಹೇಳಿತು. ಒಳ್ಳೆಯ ನೀತಿ. ಭಟ್ಕಳದ ಅರಣ್ಯವಾಸಿ ಕೇಳುತ್ತಿರುವುದೂ ಇದನ್ನೇ, ಇದಕ್ಕಿಂತ ಹೆಚ್ಚಿನದನ್ನಲ್ಲ: ಉತ್ತ ನೆಲದ ಮೇಲೆ ಒಂದು ಕಾಗದ, ನಾಳೆ ಎಬ್ಬಿಸುವುದಿಲ್ಲವೆಂಬ ಭರವಸೆ. ಟಿಬೆಟಿಯನ್ನರಿಗೆ ಪೌರತ್ವವಿಲ್ಲದೆ ಸಿಕ್ಕ ಆದೇಶ, ಪೌರತ್ವವಿರುವ ಇವನಿಗೆ ಸಿಕ್ಕಿಲ್ಲ.

ಇದರಲ್ಲಿ ಬಂದವರ ತಪ್ಪು ಎಳ್ಳಷ್ಟೂ ಇಲ್ಲ. ಮುಂಡಗೋಡದ ನಾಲ್ಕು ಸಾವಿರ ಎಕರೆ ಕೊಡದೇ ಇದ್ದಿದ್ದರೂ ಹೊನ್ನಾವರದ ಬಡವನಿಗೆ ಅದು ಸಿಗುತ್ತಿರಲಿಲ್ಲ. ಸಿಗುವಂತೆ ಮಾಡುವ ಯೋಜನೆಯನ್ನು ಯಾರೂ ಬರೆದಿರಲಿಲ್ಲ. ಮುಂಡಗೋಡದಲ್ಲಿ ಯೋಜನೆ ಇತ್ತು, ಹೊಣೆ ಹೊತ್ತವರಿದ್ದರು, ಕೆಲಸ ಆಯಿತು. ಮುಳುಗಡೆಯವರ ಪಾಲಿಗೆ, ಕಾಡಂಚಿನವರ ಪಾಲಿಗೆ ಇವೆರಡೂ ಇರಲಿಲ್ಲ. ನೆಲ ಸಾಲದೆ ಕೆಟ್ಟದ್ದಕ್ಕಿಂತ ಹೊಣೆ ಹೊರುವವರಿಲ್ಲದೆ ಕೆಟ್ಟದ್ದು ಹೆಚ್ಚು.

ಈಗಲೂ ಮಾಡಬಹುದಾದ ಕೆಲಸವೊಂದಿದೆ, ಅದಕ್ಕೆ ಹೊಸ ಕಾಯ್ದೆ ಬೇಡ. ಅರಣ್ಯ ಹಕ್ಕು ನಿಯಮಗಳ 13ನೇ ನಿಯಮ ಸರ್ಕಾರಿ ದಾಖಲೆಯ ಜೊತೆಗೆ ಊರಿನ ಹಿರಿಯರ ಬರಹದ ಹೇಳಿಕೆಯನ್ನೂ, ಹಳೆಯ ಬಾವಿ, ಸಮಾಧಿ, ಮನೆಯ ಅಡಿಪಾಯಗಳಂಥ ಕುರುಹುಗಳನ್ನೂ ಸಾಕ್ಷ್ಯವೆಂದು ಒಪ್ಪುತ್ತದೆ. ಕುಮರಿ ನಿಂತ ಮೇಲಿನ ದಿನಗಳನ್ನು ಅಜ್ಜ, ಅಜ್ಜಿಯರ ಬಾಯಲ್ಲಿ ಕೇಳಿದವರು, ತಮ್ಮ ಮನೆ ಯಾವ ಕಾಲದ್ದೆಂದು ಹೇಳಬಲ್ಲವರು ಈಗ ತೊಂಬತ್ತರ ಹತ್ತಿರದಲ್ಲಿದ್ದಾರೆ. ಗ್ರಾಮ ಅರಣ್ಯ ಹಕ್ಕು ಸಮಿತಿಗಳು, ಪಂಚಾಯಿತಿಗಳು, ಊರಿನ ಶಾಲಾ ಶಿಕ್ಷಕರು ಸೇರಿ ಅವರ ಹೇಳಿಕೆಗಳನ್ನು ಈ ವರ್ಷವೇ ಬರೆದುಕೊಂಡು, ಸಹಿ ಹಾಕಿಸಿ, ಅರ್ಜಿಗಳ ಜೊತೆ ಸೇರಿಸಬೇಕು. ಉಪವಿಭಾಗ ಮಟ್ಟದ ಸಮಿತಿಗಳು ಅವನ್ನು ಓದಿ ಪರಿಶೀಲಿಸಿ, ಜಿಲ್ಲಾ ಮಟ್ಟದ ಸಮಿತಿಯ ತೀರ್ಮಾನಕ್ಕೆ ಕಳಿಸಬೇಕು.